ಕುದಿಯುವ ಕಾರುಗಳ ವೈದ್ಯ ಸಿವರ್ಟ್

ಗುನ್ವೋರ್ ಮೊದಲ ಸಲ ಹತ್ತಿರದಿಂದ ಸಿವರ್ಟ್ ಹೆಗ್‌ಲುಂಡನನ್ನು ಕಂಡಾಗ ಅವನ ಮೂಗಿನ ತುದಿಯಿಂದ ಹಸಿರು ನೀರು ತೊಟ್ಟಿಕ್ಕುತ್ತಿತ್ತು. ಸಾವಿರದ ಒಂಬೈನೂರ ತೊಂಬತ್ತೆರಡನೆಯ ಇಸವಿ, ಜೂನ್ ತಿಂಗಳ ಮೊದಲ ಶುಕ್ರವಾರ, ಮಧ್ಯಾಹ್ನ ಒಂದೂ ಇಪ್ಪತ್ತು. ಲುಡ್ವಿಕಾ ಊರಿನ ಚೌಕದಲ್ಲಿ ಅವಳದೊಂದು ಸಾಸೇಜ್ ಮಾರುವ ಗೂಡಂಗಡಿ. ಅದರ ಕಿಟಕಿಗೆ ಎರಡೂ ಕೈ ಊರಿ ನಿಂತವನು ಇಸ್ತ್ರಿ ಮಾಡಿದ ಬೂದು ಕೋಟು ತೊಟ್ಟಿದ್ದ. ಕೋಟಿನ ಒಂದು ಹೆಗಲು ಮಾತ್ರ ಬೂದು ಬಣ್ಣದಲ್ಲೇ ಉಳಿದಿತ್ತು.

"ನೀರಿದ್ಯಾ?" ಎಂದ.

"ಕುಡಿಯೋಕಾ, ಮುಖ ತೊಳಿಯೋಕಾ?"

"ಕಾರಿಗೆ."

"ಕಾರು ಗಿರಾಕಿ ಅಲ್ಲ. ಏನಾದ್ರೂ ತಗೊಂಡೋರಿಗೆ ನೀರು ಪುಕ್ಕಟೆ."

ಅವನು ತಿಂಡಿಪಟ್ಟಿಯನ್ನು ಮೇಲಿಂದ ಕೆಳಗಿನವರೆಗೆ ಓದಿದ. "ಹಿಸುಕಿದ ಆಲೂಗಡ್ಡೆ ಕೊಡು. ಸಾಸೇಜ್ ಬೇಡ. ಬಿಸಿಗೆ ಸಿಡಿಯೋ ವಸ್ತು ಇನ್ನೊಂದನ್ನ ಇವತ್ತು ನನ್ನ ಕೈಲಿ ನೋಡಕ್ಕಾಗಲ್ಲ."

ಅವನ ಬೆನ್ನ ಹಿಂದೆ, ಚೌಕದ ನಟ್ಟನಡುವೆ, ಮುಚ್ಚಿಗೆಯಿಲ್ಲದ ಉದ್ದನೆಯ ಅಮೆರಿಕನ್ ಕಾರೊಂದು ಹಬೆಯಾಡುತ್ತ ನಿಂತಿತ್ತು. ಅದರ ಹಿಂದಿನ ಸೀಟಿನ ಮೇಲೆ ಬಿಳಿಯ ಉಡುಪು, ಬಿಳಿಯ ಟೋಪಿ ತೊಟ್ಟ ಹತ್ತೊಂಬತ್ತರ ಹುಡುಗಿಯೊಬ್ಬಳು ನೆಟ್ಟಗೆ ನಿಂತಿದ್ದಳು. ಟೋಪಿಯಿಂದ ಚಪ್ಪಲಿಯವರೆಗೆ ಹಸಿರೋ ಹಸಿರು. ಹನ್ನೆರಡನೆಯ ತರಗತಿ ಮುಗಿಸಿದ ಮಕ್ಕಳನ್ನು ಊರಿಡೀ ನಡಿಗೆಯ ವೇಗದಲ್ಲಿ ಮೆರವಣಿಗೆ ಮಾಡಿಸುವ ದಿನವದು. ಎಂಜಿನ್ನಿನ ರಬ್ಬರ್ ಕೊಳವೆ ಒಡೆದು, ಮುಂಭಾಗದ ಮುಚ್ಚಳದಲ್ಲಿ ಅಂದಕ್ಕೆಂದು ಕೊರೆದಿದ್ದ ತೂತಿನಿಂದ ಎಂಜಿನ್ ತಂಪು ಮಾಡುವ ಹಸಿರು ನೀರು ಕಾರಂಜಿಯಾಗಿ ಮೇಲೆದ್ದು, ಗಾಳಿಯಲ್ಲಿ ಆರಿ, ಮಳೆಯಾಗಿ ಕಾರಿನೊಳಗೇ ಸುರಿದಿತ್ತು. ಯಾರ ಮೈಯೂ ಸುಡಲಿಲ್ಲ. ಮರ್ಯಾದೆ ಸುಟ್ಟಿತು, ಅಷ್ಟೇ. ಊರಿನ ಪತ್ರಿಕೆಯವನು ಎರಡು ಫೋಟೋ ತೆಗೆದ. ಅದೂ ಸಾಲದೆಂದು ಮೂರನೆಯದಕ್ಕೆ ಮಂಡಿಯೂರಿದ.

ಆ ಹುಡುಗಿ ಸಿವರ್ಟನ ಒಬ್ಬಳೇ ಮಗಳು ಉಲ್ರಿಕಾ. ಅವಳು ಅಳಲಿಲ್ಲ, ಬೈಯಲಿಲ್ಲ. ಕಾರಿನಿಂದಿಳಿದು ಚಪ್ಪಲಿ ಕೈಯಲ್ಲಿ ಹಿಡಿದು ಮನೆಗೆ ನಡೆದು ಹೋದಳು. ಆಮೇಲೆ ವರ್ಷಗಟ್ಟಲೆ ಅಪ್ಪನ ಕಾರಿಗೆ ಹತ್ತಲಿಲ್ಲ.

ಗುನ್ವೋರ್ ಅವನಿಗೆ ಹತ್ತು ಲೀಟರಿನ ಎರಡು ಡಬ್ಬಿ ನೀರು ಕೊಟ್ಟಳು. ಅವಳು ಅವನನ್ನು ಹತ್ತಿರದಿಂದ ಕಂಡದ್ದು ಅದೇ ಮೊದಲಾದರೂ ಅವನ ಕಾರಿಗೆ ಬೆಳಿಗ್ಗೆಯೇ ಕೈ ಹಾಕಿದ್ದಳು. ಅಂಗಡಿಯ ಹಿಂದಿನ ನೆರಳಿಗೆ ಕಾರು ನಿಲ್ಲಿಸಿ ಅವನು ಕ್ಷೌರದ ಅಂಗಡಿಗೆ ಹೋಗಿದ್ದಾಗ ಅವನ ಹೆಂಡತಿ ಮೈಲಿಸ್ ತೋಳು ತುಂಬ ಎಳೆ ಬರ್ಚ್ ಕೊಂಬೆ ಹೊತ್ತು ತಂದಿದ್ದಳು. ಮೆರವಣಿಗೆಯ ಗಾಡಿಗೆ ಬರ್ಚ್ ಎಲೆಯ ಸಿಂಗಾರವಿಲ್ಲದಿದ್ದರೆ ಊರು ಆಡಿಕೊಳ್ಳುತ್ತದೆ. "ಉಗುರಿನ ಬಣ್ಣ ಇನ್ನೂ ಒಣಗಿಲ್ಲ ಕಣೆ, ಸ್ವಲ್ಪ ಕಟ್ಕೊಡ್ತೀಯಾ?" ಎಂದು ಮೈಲಿಸ್ ಕೇಳಿದಳು. ಗುನ್ವೋರ್ ಕಟ್ಟಿದಳು. ಅರೆಬರೆ ಕೆಲಸ ಅವಳ ಜಾಯಮಾನವಲ್ಲ. ಕಾರಿನ ಮೂತಿಯ ಜಾಲರಿಗೆ ಹುಲ್ಲುಕಂತೆ ಕಟ್ಟುವ ಹುರಿಯಿಂದ ಹನ್ನೊಂದು ಕೊಂಬೆಗಳನ್ನು ಒಂದರ ಮೇಲೊಂದು ಬಿಗಿದಳು. ಸಂದಿನಲ್ಲಿ ಒಂದು ಬೆರಳೂ ನುಸುಳುತ್ತಿರಲಿಲ್ಲ. ಮೈಲಿಸ್ ಎರಡು ಹೆಜ್ಜೆ ಹಿಂದೆ ಸರಿದು ನೋಡಿ, "ಕಾರು ಗಡ್ಡ ಬಿಟ್ಟ ಹಾಗಿದೆ" ಎಂದು ಮೆಚ್ಚಿದ್ದಳು.

ಆಗ ಗುನ್ವೋರಳಿಗೆ ನಲವತ್ತೆಂಟು. ಅವಳು ಉತ್ತರದ ಗಡಿನದಿಯ ಕಡೆಯವಳು. ಶಾಲೆಯ ಭಾಷೆ ಬಿಟ್ಟು ಮನೆಯ ಮಾತು ಬಾಯಲ್ಲಿ ಬಂದದ್ದಕ್ಕೆ ಅಲ್ಲಿ ಬೆರಳ ಗಿಣ್ಣಿನ ಮೇಲೆ ಏಟು ತಿಂದು, ಆರನೆಯ ತರಗತಿಗೇ ಓದಿಗೆ ಕೈಮುಗಿದಿದ್ದಳು. ಪತ್ರಿಕೆಯ ಒಂದು ಕಾಲಂ ಓದಲು ಅವಳಿಗೆ ಒಂದು ಸಂಜೆ ಬೇಕು. ಅಕ್ಷರ ಅವಳಿಗೆ ಕೈಕೊಟ್ಟಿತ್ತು, ಅಂಕಿ ಎಂದೂ ಕೊಟ್ಟಿರಲಿಲ್ಲ.

ಸಿವರ್ಟ್ ಊರಿನ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ತಾಮ್ರದ ತಂತಿ ಸುತ್ತುವವನು. ನಲವತ್ತೊಂದು ವರ್ಷ ಅದನ್ನೇ ಸುತ್ತಿದ. ಕಾಲಿಗೆ ಮರದ ಪಾದುಕೆ, ಮೇಲ್ದುಟಿಯೊಳಗೆ ಹೊಗೆಸೊಪ್ಪಿನ ಉಂಡೆ. ಮನೆಗಿಂತ ಕಾರಿನ ಶೆಡ್ಡು ದೊಡ್ಡದು, ಮನೆಗಿಂತ ಬೆಚ್ಚಗೂ ಇತ್ತು. ಮೈಲಿಸ್ ಜನವರಿಯಲ್ಲಿ ಹೆಣಿಗೆ ಹಿಡಿದು ಅಲ್ಲಿಗೇ ಹೋಗಿ ಕೂರುತ್ತಿದ್ದಳು. ಕಾರು ಅರವತ್ತೆಂಟರ ಶೆವೆಲ್. ಅದರ ಬಣ್ಣವನ್ನು ಅವನು ದ್ರಾಕ್ಷಾರಸ ಎನ್ನುತ್ತಿದ್ದ, ಊರಿನವರು ಪಿತ್ತಜನಕಾಂಗ ಎನ್ನುತ್ತಿದ್ದರು. ಮಗಳ ಮೆರವಣಿಗೆಯ ಕಾಲಕ್ಕೆ ಅದಕ್ಕೆ ಐನೂರ ನಲವತ್ತು ಕುದುರೆಗಳ ಬಲ. ಕೊನೆಕೊನೆಗೆ ಸಾವಿರದ ನೂರು. ಊರೊಳಗೆ ಗಂಟೆಗೆ ಐವತ್ತು ಕಿಲೋಮೀಟರ್ ದಾಟುವಂತಿಲ್ಲ ಎನ್ನುವುದನ್ನು ಆ ಕುದುರೆಗಳಿಗೆ ಯಾರೂ ಹೇಳಿರಲಿಲ್ಲ.

ಆದರೆ ಲುಡ್ವಿಕಾದಲ್ಲಿ ವೇಗಕ್ಕೆ ಬೆಲೆಯಿಲ್ಲ. ಬೇಸಿಗೆಯ ಶುಕ್ರವಾರ ಸಂಜೆ ಹಳೆಯ ಅಮೆರಿಕನ್ ಕಾರುಗಳೆಲ್ಲ ಒಂದರ ಬಾಲಕ್ಕೊಂದು ಅಂಟಿಕೊಂಡು ಚೌಕವನ್ನು ಸುತ್ತುತ್ತವೆ. ಮಗುವಿನ ಗಾಡಿ ತಳ್ಳುವವಳು ಅವನ್ನು ಹಿಂದೆ ಹಾಕಿ ಹೋಗುತ್ತಾಳೆ. ಜೋರಾಗಿ ಓಡಿಸುವುದು ಯಾರಿಗೆ ಬರುವುದಿಲ್ಲ? ಸಾವಿರ ಕುದುರೆಯ ಎಂಜಿನ್ನನ್ನು ನಡಿಗೆಯ ವೇಗದಲ್ಲಿ ಎರಡು ಗಂಟೆ ಕುದಿಯದಂತೆ ಸುತ್ತಿಸುವವನೇ ಗಂಡು. ಚೌಕದಲ್ಲಿ ಮುಚ್ಚಳ ಎತ್ತಿದವನು ಎಲ್ಲರ ಕಣ್ಣೆದುರು ಗುನ್ವೋರಳ ಕಿಟಕಿಗೆ ನಡೆದು ಬಂದು ನೀರು ಬೇಡಬೇಕು. ಆ ಇಪ್ಪತ್ತು ಹೆಜ್ಜೆ ನಡೆದವರು ಮುಂದಿನ ಶುಕ್ರವಾರದವರೆಗೆ ತಲೆ ತಗ್ಗಿಸಿಯೇ ಓಡಾಡುತ್ತಿದ್ದರು.

ತನ್ನ ಕಾರು ಕುದ್ದದ್ದೇಕೆ ಎಂದು ಸಿವರ್ಟ್ ಒಂದು ವಾರ ಯೋಚಿಸಿದ. ಮರುಶುಕ್ರವಾರ ಆಲೂಗಡ್ಡೆ ತಿನ್ನುತ್ತ ತೀರ್ಪು ಕೊಟ್ಟ.

"ಪಂಪು. ನೀರು ತಿರುಗ್ಸೋ ಪಂಪನ್ನ ಬೆಲ್ಟ್ ಹಾಕಿ ಎಂಜಿನ್ನಿಗೇ ಕಟ್ಟಿರ್ತಾರೆ. ಎಂಜಿನ್ ಓಡಿದ್ರೆ ಪಂಪೂ ಓಡತ್ತೆ, ಎಂಜಿನ್ ತೂಕಡಿಸಿದ್ರೆ ಪಂಪೂ ತೂಕಡಿಸತ್ತೆ. ಮೆರವಣಿಗೇಲಿ ಆಗಿದ್ದು ಅದೇ. ಯಾವತ್ತು ನೀರು ಜಾಸ್ತಿ ತಿರುಗ್ಬೇಕೋ ಅವತ್ತೇ ಅದಕ್ಕೆ ನಿದ್ದೆ."

"ಹಾಗಾದ್ರೆ ಪಂಪನ್ನ ಎಬ್ಬಿಸ್ಬೇಕು," ಎಂದಳು ಗುನ್ವೋರ್.

"ಎಂಜಿನ್ನಿಂದ ಬಿಡಿಸ್ಬೇಕು. ಅದಕ್ಕೇ ಅಂತ ಬೇರೆ ಮೋಟಾರು, ಕರೆಂಟು. ಎಂಜಿನ್ ಏನಾದ್ರೂ ಮಾಡ್ಕೊಳ್ಳಿ, ನೀರಿನ ಪಾಡಿಗೆ ನೀರು."

ಮೊದಲ ಕರೆಂಟ್ ಪಂಪನ್ನು ಅವನು ತನ್ನ ಭಾವಮೈದುನನ ದೋಣಿಯಿಂದ ಬಿಚ್ಚಿ ತಂದ. ದೋಣಿಯ ತಳದ ಮಳೆನೀರು ಹೊರಹಾಕುವ ಪ್ಲಾಸ್ಟಿಕ್ ಪಂಪು ಅದು. ಎಂಜಿನ್ನಿನ ಬಿಸಿನೀರಿಗೆ ಮೂರನೆಯ ಸುತ್ತಿನಲ್ಲೇ ಮೇಣದಂತೆ ಬಾಗಿತು. ಅದೇ ವಾರಾಂತ್ಯ ಮಳೆ ಬಂದು, ಪಂಪಿಲ್ಲದ ದೋಣಿ ಕಟ್ಟೆಯ ಬಳಿಯೇ ಮುಳುಗಿತು. ಭಾವಮೈದುನ ನಾಲ್ಕು ವರ್ಷ ಕ್ರಿಸ್‌ಮಸ್ ಊಟಕ್ಕೆ ಬರಲಿಲ್ಲ. "ಅದೊಂದು ಲಾಭ ಆಯ್ತು," ಎಂದು ಮೈಲಿಸ್ ಅಂಗಡಿಯಲ್ಲಿ ಹೇಳಿದಳು.

ಎರಡನೆಯದು ಅಮೆರಿಕದಿಂದ ಬಂತು, ಮಗುವಿನ ತಲೆಯಷ್ಟು ದಪ್ಪದ ಅಲ್ಯೂಮಿನಿಯಂ ಪಂಪು. ಅದನ್ನು ಕೂರಿಸಿದ ಬೇಸಿಗೆ ಕಾರು ಮೊದಲಿಗಿಂತ ಬೇಗ ಬಿಸಿಯಾಯಿತು. ನಾಲ್ಕು ಶುಕ್ರವಾರ ಸಿವರ್ಟ್ ಅಮೆರಿಕವನ್ನು ಬೈದ. ಐದನೆಯ ಶುಕ್ರವಾರ ಅವನು ಬೈಯದೆ ಬಾಯಿಗೆ ಚಮಚ ಹಾಕಿದ್ದನ್ನು ಕಂಡು ಗುನ್ವೋರ್ ಕೇಳಿದಳು, "ಎರಡು ತಂತೀನೂ ಅದಲು ಬದಲು ಮಾಡಿದ್ಯಾ?"

"ಯಾರು ಹೇಳಿದ್ರು?"

"ಯಾರೂ ಇಲ್ಲ. ಬೈಗುಳ ನಿಂತೋಯ್ತಲ್ಲ. ತಪ್ಪು ನಿಂದೇ ಇರ್ಬೇಕು."

ಅಲ್ಲಿಯವರೆಗೆ ಪಂಪು ಹಿಮ್ಮುಖವಾಗಿ ತಿರುಗುತ್ತಿತ್ತು. ಆಯುಷ್ಯವಿಡೀ ತಂತಿ ಸುತ್ತಿದವನು ಎರಡೇ ಎರಡು ತಂತಿಯನ್ನು ತಲೆಕೆಳಗಾಗಿ ಕೂಡಿಸಿದ ಸುದ್ದಿ ಕಾರ್ಖಾನೆಗೆ ಮುಟ್ಟಿದ್ದರೆ ಅವನು ನಿವೃತ್ತಿಯವರೆಗೆ ಊಟದ ಕೋಣೆಗೆ ಕಾಲಿಡುವಂತಿರಲಿಲ್ಲ. ಗುನ್ವೋರ್ ಯಾರಿಗೂ ಹೇಳಲಿಲ್ಲ. ಬೇರೆಯವರ ಗುಟ್ಟು ಅವಳಲ್ಲಿ ಹೊಕ್ಕರೆ ಮತ್ತೆ ಹೊರಬರುತ್ತಿರಲಿಲ್ಲ.

ತಂತಿ ಸರಿಯಾದ ಮೇಲೆ ಶೆವೆಲ್ ಕುದಿಯಲಿಲ್ಲ. ಎರಡು ಗಂಟೆ ಸುತ್ತಿ, ಬಂದು ಅಂಗಡಿಯ ಮುಂದೆ ನಿಂತರೆ ಎಂಜಿನ್ ಆರಿದ ಮೇಲೂ ಪಂಪು ಮಾತ್ರ ಗುಂಯ್ ಎನ್ನುತ್ತ ಮೂರು ನಿಮಿಷ ಹತ್ತು ಸೆಕೆಂಡು ನೀರು ತಿರುಗಿಸಿ ಆಮೇಲೆ ನಿಲ್ಲುತ್ತಿತ್ತು. ದಪ್ಪ ಸಾಸೇಜ್ ಬೇಯಲು ಸರಿಯಾಗಿ ಅಷ್ಟೇ ಹೊತ್ತು ಬೇಕು. ಗುನ್ವೋರ್ ಗಡಿಯಾರ ನೋಡುವುದನ್ನೇ ಬಿಟ್ಟಳು.

ಸಿವರ್ಟನಿಗೆ ಹೆಸರು ಬಂತು. ಬೋರ್ಲೆಂಗೆಯಿಂದ, ಎರೆಬ್ರೂವಿನಿಂದ, ನಾರ್ವೆಯ ಗಡಿಯಾಚೆಯಿಂದ ಕುದಿಯುವ ಕಾರುಗಳನ್ನು ಟ್ರೈಲರ್ ಮೇಲೆ ಹೇರಿಕೊಂಡು ಬರತೊಡಗಿದರು. ಅವನು ಪಾದುಕೆ ಟಕಟಕ ಎನಿಸುತ್ತ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ರೋಗಿಯ ಮನೆಯವರನ್ನು ವಿಚಾರಿಸುವ ವೈದ್ಯನಂತೆ ಕೇಳುತ್ತಿದ್ದ: "ಯಾವಾಗಿಂದ ಹೀಗೆ? ನಿಂತಾಗ ಜಾಸ್ತೀನಾ, ಓಡ್ವಾಗ ಜಾಸ್ತೀನಾ?" ನಿಂತಾಗ ಎಂದರೆ ಅವನ ಮುಖ ಅರಳುತ್ತಿತ್ತು. ಬೆಲ್ಟ್ ಕಿತ್ತು ಕರೆಂಟ್ ಪಂಪು ಕೂರಿಸುತ್ತಿದ್ದ. ಕಾರು ತೋರಿಸಲು ಬಂದವರಿಗೆಲ್ಲ ಮಗಳ ಮೆರವಣಿಗೆಯ ಕತೆಯನ್ನು ತಾನೇ ಹೇಳುತ್ತಿದ್ದ. "ಅವತ್ತು ನಂಗೆ ಬುದ್ಧಿ ಬಂತು. ಎಲ್ಲಾ ಪಂಪಿನ ತಪ್ಪು."

ಗುನ್ವೋರಳಿಗೆ ಮಾತ್ರ ಒಂದು ಲೆಕ್ಕ ಕೂಡಿಬರಲಿಲ್ಲ. ಅದೇ ಬೆಲ್ಟ್ ಪಂಪು ಇಟ್ಟುಕೊಂಡು ಸಿವರ್ಟ್ ತೊಂಬತ್ತೊಂದರ ಬೇಸಿಗೆ ಪೂರ್ತಿ ಸುತ್ತಿದ್ದ, ಒಮ್ಮೆಯೂ ನೀರು ಕೇಳಿರಲಿಲ್ಲ. ಕೇಳಿದ್ದರೆ ಅವಳಿಗೆ ನೆನಪಿರುತ್ತಿತ್ತು. ಅವಳು ಬರೆದಿಡುವವಳಲ್ಲ. ಅಡುಗೆ ಸೋಡಾದ ಖಾಲಿ ಜಾಡಿಯೊಂದನ್ನು ಕಿಟಕಿಯ ಕೆಳಗಿಟ್ಟಳು. ನೀರು ಬೇಡಿ ಬಂದ ಪ್ರತಿ ಕಾರಿಗೆ ಒಂದು ಮರದ ಮುಳ್ಳುಚಮಚ ಹಾಕಿದಳು. ಕಾರಿನ ಮೂತಿಯಲ್ಲಿ ಎಲೆ, ಹೂವು, ಬಾವುಟ, ಏನಾದರೂ ಕಟ್ಟಿದ್ದರೆ ಆ ಚಮಚದ ಒಂದು ಮುಳ್ಳು ಮುರಿದು ಹಾಕಿದಳು. ಆರು ಬೇಸಿಗೆ ಹಾಗೆ ಮಾಡಿದಳು. ಅವಳಿಗೆ ಯಾವ ಅವಸರವೂ ಇರಲಿಲ್ಲ.

ಆರನೆಯ ವರ್ಷದ ಅಕ್ಟೋಬರಿನಲ್ಲಿ ಜಾಡಿ ಬೋರಲು ಹಾಕಿ ಎಣಿಸಿದಳು. ಅರವತ್ಮೂರು ಚಮಚ. ನಲವತ್ನಾಲ್ಕರ ಮುಳ್ಳು ಮುರಿದಿತ್ತು. ಮುರಿದವೆಲ್ಲ ಜೂನ್ ತಿಂಗಳ ಎರಡು ವಾರಗಳವು, ಮಕ್ಕಳ ಮೆರವಣಿಗೆ ಮತ್ತು ನಡುಬೇಸಿಗೆಯ ಹಬ್ಬ. ಜುಲೈನ ಉರಿಬಿಸಿಲಲ್ಲಿ ಬರಿಮೂತಿಯ ಕಾರುಗಳು ಹಾಯಾಗಿ ಸುತ್ತಿದ್ದವು. ಪಂಪು ನಿಧಾನ ಇದ್ದದ್ದು ಸುಳ್ಳಲ್ಲ. ಆದರೆ ಉಲ್ರಿಕಾಳ ಉಡುಪಿಗೆ ಹಸಿರು ಬಣ್ಣ ಹಚ್ಚಿದ್ದು ಪಂಪಲ್ಲ. ಜಾಲರಿಯ ಹಿಂದೆ ನೀರು ತಂಪು ಮಾಡುವ ರೇಡಿಯೇಟರಿಗೆ ಗಾಳಿ ನುಸುಳದ ಹಾಗೆ ಹನ್ನೊಂದು ಬರ್ಚ್ ಕೊಂಬೆ ಬಿಗಿದವಳು.

ಅವಳ ಗಂಡ ತೋಗೆ ಆಗಿನ್ನೂ ಬದುಕಿದ್ದ. ಅವನ ಮುಂದೆ ಹೇಳಿಕೊಂಡಳು.

ತೋಗೆ ಕಾಫಿ ಲೋಟ ಕೆಳಗಿಟ್ಟ. "ಮೂರು ಜಿಲ್ಲೆಯವರು ಅವ್ನನ್ನ ಹುಡ್ಕೊಂಡು ಬರ್ತಾರೆ. ಈಗ ಹೋಗಿ ಏನು ಹೇಳ್ತೀಯಾ? ನಿನ್ನ ವಿದ್ಯೆ ಎಲ್ಲಾ ನಾನು ಕಟ್ಟಿದ ಸೊಪ್ಪಿಂದ ಹುಟ್ಟಿದ್ದು ಅಂತಾನಾ?"

"ಮಗಳು ಅವ್ನ ಹತ್ರ ಮಾತಾಡಲ್ಲ."

"ಮಾತಾಡ್ತಾಳೆ. ಹವಾಮಾನದ ಬಗ್ಗೆ."

ಅದು ನಿಜ. ಉಲ್ರಿಕಾ ಫಾಲುನ್ ಊರಿನಲ್ಲಿ ಹಲ್ಲು ಶುಚಿ ಮಾಡುವ ಕೆಲಸ ಹಿಡಿದಿದ್ದಳು. ಮುಂದೆ ತನ್ನ ಮದುವೆಗೆ ಬಸ್ಸಿನಲ್ಲಿ ಹೋಗಿ, ಮಗಳು ಟುವಾಳನ್ನು ಹೆತ್ತು, ಗಂಡನನ್ನು ಬಿಟ್ಟು, ಮರಳಿ ಲುಡ್ವಿಕಾಕ್ಕೇ ಬಂದಳು. ಅಪ್ಪನ ಮನೆಗೆ ಭಾನುವಾರ ಬರುತ್ತಿದ್ದಳು. ಶೆಡ್ಡಿನ ಕಡೆ ಬೆನ್ನು ಹಾಕಿ ಕೂತು, ಗಾಳಿ ಮಳೆಯ ಮಾತಾಡಿ, ಎದ್ದು ಹೋಗುತ್ತಿದ್ದಳು. ಗುನ್ವೋರ್ ಹೇಳಬೇಕೆಂದು ಒಂದು ಬೇಸಿಗೆ ಅಂದುಕೊಂಡಳು, ಮತ್ತೊಂದು ಬೇಸಿಗೆ ಅಂದುಕೊಂಡಳು. ತೋಗೆ ತೀರಿಕೊಂಡ. ಕೆಲವು ವರ್ಷಕ್ಕೆ ಮೈಲಿಸಳೂ ಹೋದಳು. ಕೊಂಬೆ ಕಟ್ಟಿದವರು ಯಾರೆಂದು ಬಲ್ಲವಳು ಈಗ ಅವಳೊಬ್ಬಳೇ.

ಎರಡು ಸಾವಿರದ ಹದಿನೆಂಟರ ಮೇ ತಿಂಗಳು ಎಂದೂ ಕಾಣದ ಸೆಕೆ. ಸಿವರ್ಟ್ ಕಿಟಕಿಗೆ ಬಂದು ಆಲೂಗಡ್ಡೆ ಕೇಳುವುದನ್ನೂ ಮರೆತು ನಿಂತ. ಎಪ್ಪತ್ತೊಂದರ ಮುದುಕ, ಮುಖ ಮಾತ್ರ ಕಾಗದ ಸಿಕ್ಕ ಪ್ರಿಯತಮನದು.

"ಟುವಾ ನನ್ನ ಕಾರಲ್ಲೇ ಮೆರವಣಿಗೆ ಹೋಗ್ತೀನಿ ಅಂತ ಹಟ ಹಿಡಿದಿದ್ದಾಳೆ. ಉಲ್ರಿಕಾ ಒಪ್ಕೊಂಡ್ಳು."

"ಹೇಗೆ ಒಪ್ಕೊಂಡ್ಳು?"

"ಒಂದು ಷರತ್ತು. ತಾನು ಹತ್ತಲ್ವಂತೆ, ಪಕ್ಕದಲ್ಲಿ ನಡ್ಕೊಂಡು ಬರ್ತಾಳಂತೆ. ಒಂದು ಹನಿ ಸಿಡಿದ್ರೂ ಸರಿ, ಮಗಳನ್ನ ಇಳಿಸ್ಕೊಂಡು ಹೋಗಿ, ಆಮೇಲೆ ಹವಾಮಾನದ ಬಗ್ಗೇನೂ ಮಾತಾಡಲ್ವಂತೆ." ಅವನು ಹೊಗೆಸೊಪ್ಪಿನ ಉಂಡೆಯನ್ನು ನಾಲಿಗೆಯಿಂದ ಸರಿಪಡಿಸಿಕೊಂಡ. "ನೀನು ಮುಂದಿನ ಸೀಟಲ್ಲಿ ಕೂತ್ಕೋ. ಜನ ಕಾಲ್ಕೆಳಗೆ ಸಿಗ್ತಾರೆ, ನಾನು ರಸ್ತೆ ನೋಡ್ಬೇಕು. ಬಿಸಿ ಎಷ್ಟಾಯ್ತು ಅಂತ ಓದ್ತಾ ಇರು. ಅಂಕಿ ವಿಷಯದಲ್ಲಿ ನಾನು ಇನ್ನೊಬ್ರನ್ನ ನಂಬಲ್ಲ."

"ಎಲೆ?" ಎಂದಳು ಗುನ್ವೋರ್.

"ಎಂಥ ಎಲೆ?"

"ಸಿಂಗಾರಕ್ಕೆ. ಯಾರು ಕಟ್ತಾರೆ?"

"ನೀನೇ ಕಟ್ಟು."

ಮೆರವಣಿಗೆಯ ದಿನ ಬೆಳಿಗ್ಗೆ ಅವಳೇ ಕಟ್ಟಿದಳು, ಪಕ್ಕಕ್ಕೆ ಮತ್ತು ಹಿಂಬದಿಗೆ ಮಾತ್ರ. ಬಾಗಿಲ ಹಿಡಿಕೆಗೆ ಎರಡು, ಹಿಂದಿನ ಬಂಪರಿಗೆ ಆರು. ಮೂತಿಗೆ ಒಂದೆಲೆಯನ್ನೂ ಸೋಕಿಸಲಿಲ್ಲ. "ಕಾರಿನ ಕುಂಡೆಗೆ ಮಾತ್ರ ಲಂಗ ಉಡಿಸಿದ್ದೀಯಲ್ಲ," ಎಂದು ಸಿವರ್ಟ್ ಗೊಣಗಿದ. ಅವಳು ಉಳಿದ ಹುರಿಯನ್ನು ಏಪ್ರನ್ನಿನ ಜೇಬಿಗೆ ತುರುಕಿದಳು.

ಶಾಲೆಯ ಅಂಗಳದಲ್ಲಿ ಮುನ್ನೂರು ಜನ, ತುತ್ತೂರಿ, ಮಕ್ಕಳ ಬಾಲ್ಯದ ಫೋಟೋ ಅಂಟಿಸಿದ ಹಲಗೆಗಳು. ಟುವಾಳ ಫೋಟೋದಲ್ಲಿ ಅವಳು ಎರಡು ವರ್ಷದವಳು, ಬಕೆಟ್ಟಿನಲ್ಲಿ ಕೂತಿದ್ದಳು. ಗುನ್ವೋರ್ ಶೌಚಕ್ಕೆ ಹೋಗಿ ಬಂದಳು. ಎಪ್ಪತ್ನಾಲ್ಕರ ವಯಸ್ಸಿಗೆ ಅದು ಹನ್ನೆರಡು ನಿಮಿಷದ ಕೆಲಸ. ಬರುವಷ್ಟರಲ್ಲಿ ಗಾಡಿಗಳು ಹೊರಟಿದ್ದವು. ಹಿಂದಿನಿಂದ ಓಡೋಡಿ ಬಂದು ಸೀಟು ಹಿಡಿದಳು. ಹಿಂದಿನ ಸೀಟಿನ ಮೇಲೆ ಟುವಾ ಬಿಳಿಯ ಉಡುಪಿನಲ್ಲಿ ಕೈಬೀಸುತ್ತ ನಿಂತಿದ್ದಳು. ಬಲಗಡೆ ಉಲ್ರಿಕಾ ನಡೆಯುತ್ತಿದ್ದಳು. ಮೂವತ್ತು ಡಿಗ್ರಿಯ ಬಿಸಿಲು, ಮೋಡದ ತುಣುಕೂ ಇಲ್ಲ. ಅವಳ ತೋಳಿನ ಮೇಲೆ ಒಂದು ಮಳೆಯಂಗಿ.

"ಮಳೆ ಬರೋ ಹಾಗಿದ್ಯಾ?" ಎಂದ ಸಿವರ್ಟ್, ಎದುರಿನ ರಸ್ತೆಯಿಂದ ಕಣ್ಣು ತೆಗೆಯದೆ.

"ಕೆಳಗಿಂದ ಬರೋ ಮಳೆ ಅಪ್ಪ. ನಿಮಗೆ ಗೊತ್ತಲ್ಲ."

"ಎಂಬತ್ತೆರಡು," ಎಂದಳು ಗುನ್ವೋರ್.

"ಕೇಳಿಸ್ತಾ? ಎಂಬತ್ತೆರಡು. ಪಂಪ್ ತನ್ನ ಪಾಡಿಗೆ ತಿರುಗ್ತಿದೆ."

ಅಂಚೆ ಕಚೇರಿಯ ಮುಂದೆ ಎಂಬತ್ತಾರು. ಔಷಧದ ಅಂಗಡಿಯ ಮುಂದೆ ತೊಂಬತ್ತೊಂದು. ಅವರ ಹಿಂದೆ ಟ್ರಾಕ್ಟರು ಎಳೆಯುವ ಗಾಡಿಯಲ್ಲಿ ಅರವತ್ತು ಮಕ್ಕಳು ಹಾರಿ ಕುಣಿಯುತ್ತಿದ್ದರು. ನಿಲ್ಲುವಂತಿಲ್ಲ, ಪಕ್ಕಕ್ಕೆ ಸರಿಯುವಂತಿಲ್ಲ. ಚರ್ಚಿನ ತಿರುವಿನಲ್ಲಿ ತೊಂಬತ್ತೇಳು.

"ಇನ್ನೊಂದ್ಸಲ ಓದು."

"ತೊಂಬತ್ತೇಳು. ಈಗ ತೊಂಬತ್ತೆಂಟು."

ಸಿವರ್ಟ್ ಕಿವಿಗೊಟ್ಟ. ಪಂಪು ಗುಂಯ್ ಎನ್ನುತ್ತಿತ್ತು. ಎರಡೂ ಫ್ಯಾನು ಕಿರುಚುತ್ತಿದ್ದವು. ಅವನ ಕತ್ತಿನ ಹಿಂಭಾಗ ಬೆವರಿತು. "ಪಂಪ್ ಸರಿ ಇದೆ. ಫ್ಯಾನ್ ಸರಿ ಇದೆ. ನೀರು ತುಂಬಿದ್ದು ನಾನೇ. ಇನ್ನೇನು ಉಳೀತು?" ಒಂದು ಕೈ ಕೀಲಿಯ ಮೇಲಿಟ್ಟ. "ನೂರೈದು ಆದ್ರೆ ಆಫ್ ಮಾಡ್ತೀನಿ. ಅವಳ ಮಗಳ ಮೇಲೂ ಸಿಡಿಸೋಕೆ ನನ್ನ ಕೈಲಾಗಲ್ಲ. ಇಲ್ಲೇ ನಿಲ್ಲಲಿ, ಊರೆಲ್ಲಾ ನಗಲಿ."

ಉಲ್ರಿಕಾ ಅಪ್ಪನ ಕತ್ತನ್ನು ನೋಡಿದಳು. ಮಳೆಯಂಗಿಯ ಗುಂಡಿ ಬಿಚ್ಚತೊಡಗಿದಳು.

"ನೂರೊಂದು," ಎಂದಳು ಗುನ್ವೋರ್. ಎನ್ನುವಾಗಲೇ ಅವಳ ಕಣ್ಣು ಕಾರಿನ ಉದ್ದನೆಯ ಮೂತಿಯ ತುದಿಗೆ ಹೋಯಿತು. ಅಂಚಿನಾಚೆಯಿಂದ ಒಂದು ಎಳೆ ಹಸಿರು ಎಲೆ ಇಣುಕಿ ನೋಡಿ ಮತ್ತೆ ಕೆಳಗಿಳಿಯಿತು.

"ಸಿವರ್ಟ್, ಕಾರಿನ ಮುಂದೆ ಯಾರಾದ್ರೂ ಏನಾದ್ರೂ ಕಟ್ಟಿದ್ರಾ?"

"ಟುವಾನ ಗೆಳತೀರು. ನೀನು ಒಳಗೆ ಹೋಗಿದ್ದಾಗ. ಹಿಂದೆ ಮಾತ್ರ ಇದೆ, ಮುಂದೆ ಬೋಳು ಬೋಳು ಅಂತ ಪಾಪ ಒಂದು ಮರಾನೇ ಕಡಿದು ತಂದು—"

ಗುನ್ವೋರ್ ಬಾಗಿಲು ತೆರೆದು ಇಳಿದಳು. ಇಳಿಯುವಂಥ ವೇಗದಲ್ಲೇ ಕಾರು ಹೋಗುತ್ತಿತ್ತು. ಬಿರುಸಿನಿಂದ ನಾಲ್ಕು ಹೆಜ್ಜೆ ಹಾಕಿ ಕಾರನ್ನು ಹಿಂದೆ ಹಾಕಿದಳು, ತಿರುಗಿ ನಿಂತಳು, ಹಿಮ್ಮುಖ ನಡೆಯುತ್ತ ಜಾಲರಿಗೆ ಕೈ ಹಾಕಿದಳು. ಸಾವಿರದ ನೂರು ಕುದುರೆಗಳು ಅವಳ ಹೊಟ್ಟೆಯಿಂದ ಒಂದು ಮೊಳ ದೂರದಲ್ಲಿ ಬುಸುಗುಡುತ್ತಿದ್ದವು. ಒಂದು ಕೊಂಬೆ ಕಿತ್ತು ಎಡಕ್ಕೆಸೆದಳು, ಇನ್ನೊಂದು ಬಲಕ್ಕೆ. ರಸ್ತೆಯ ಎರಡೂ ಬದಿಯ ಜನ ಇದೂ ಮೆರವಣಿಗೆಯ ಒಂದು ಭಾಗವೆಂದು ತಿಳಿದು ತಾಳ ಹಾಕಿ ಚಪ್ಪಾಳೆ ತಟ್ಟಿದರು. ಯಾರೋ ತುತ್ತೂರಿ ಊದಿದರು. ಹಾರಿ ಬಂದ ಕೊಂಬೆಯನ್ನು ಹಿಡಿದ ಮುದುಕನೊಬ್ಬ ಅದನ್ನು ಟೋಪಿಗೆ ಸಿಕ್ಕಿಸಿಕೊಂಡ.

"ಗುನ್ವೋರ್, ಕಾಲು," ಎಂದು ಸಿವರ್ಟ್ ಒಳಗಿನಿಂದ ಗೋಗರೆದ. "ನಿನ್ನ ಕಾಲಿನ ಮೇಲೆ ಹತ್ತತ್ತೆ ಕಣೆ."

"ನೀನು ರಸ್ತೆ ನೋಡು. ಬಿಸಿ ಎಷ್ಟು?"

"ನೂರ್ಮೂರು."

"ಓದ್ತಾ ಇರು."

ಒಂಬತ್ತು, ಹತ್ತು, ಹನ್ನೊಂದು. ಹುಡುಗಿಯರು ಪ್ರೀತಿಯಿಂದ ತುರುಕಿದ್ದರು, ಹುರಿಯಿಂದ ಕಟ್ಟಿರಲಿಲ್ಲ. ಅದೊಂದು ಪುಣ್ಯ. ಹದಿನಾಲ್ಕನೆಯದು ಬಂದಾಗ ಜಾಲರಿಯ ಹಿಂದೆ ರೇಡಿಯೇಟರಿನ ಕಪ್ಪು ಎದೆ ಕಂಡಿತು. ಫ್ಯಾನುಗಳು ಅವಳ ಏಪ್ರನ್ನನ್ನು ಒಳಕ್ಕೆ ಸೆಳೆದವು. ಬಿಡಿಸಿಕೊಂಡು ಪಕ್ಕಕ್ಕೆ ಸರಿದಳು. ಕಾರು ಅವಳ ಬಳಿಗೆ ಉರುಳಿ ಬಂದಾಗ ಬಾಗಿಲು ಹಿಡಿದು ಹತ್ತಿ ಕೂತಳು.

"ತೊಂಬತ್ತೊಂಬತ್ತು," ಎಂದ ಸಿವರ್ಟ್. ಸ್ವಲ್ಪ ಹೊತ್ತಿಗೆ, "ತೊಂಬತ್ನಾಲ್ಕು." ಚೌಕ ಬಂತು. ಅವಳ ಗೂಡಂಗಡಿ ಬಾಗಿಲು ಹಾಕಿಕೊಂಡು ನಿಂತಿತ್ತು. ಅದರ ಮುಂದೆ ಎಂಬತ್ತೆಂಟು. ಚೌಕದ ನಟ್ಟನಡುವೆ ಉಲ್ರಿಕಾ ಒಂದು ಕ್ಷಣ ನಿಂತಳು. ಇಪ್ಪತ್ತಾರು ವರ್ಷದ ಹಿಂದೆ ಅವಳು ಚಪ್ಪಲಿ ಕಳಚಿದ ಜಾಗ ಅದೇ.

"ಸ್ವಲ್ಪ ನಿಧಾನ ಮಾಡಿ," ಎಂದಳು.

"ಇನ್ನೂ ನಿಧಾನ ಮಾಡಿದ್ರೆ ಹಿಂದಕ್ಕೆ ಹೋಗತ್ತೆ ಮಗಳೇ."

ಅವಳು ಬಾಗಿಲಿನ ಮೇಲೆ ಕಾಲು ಹಾಕಿ ಹಿಂದಿನ ಸೀಟಿಗೆ ಇಳಿದು ಕೂತಳು. "ಹಿಮ್ಮಡಿ ಸವೆದಿದೆ. ಬೇರೇನೂ ಅಲ್ಲ," ಎಂದಳು. ಮಳೆಯಂಗಿಯನ್ನು ಮಡಿಸಿ ಕೆಳಗೆ ಹಾಕಿ ಅದರ ಮೇಲೆ ಕುಳಿತಳು. ಟುವಾ ಮೇಲಿನಿಂದಲೇ ಒಂದು ಕೈಯಲ್ಲಿ ಊರಿಗೆ ಬೀಸುತ್ತ ಇನ್ನೊಂದರಲ್ಲಿ ಅಮ್ಮನ ತಲೆ ಸವರಿದಳು.

ಸಿವರ್ಟ್ ಕನ್ನಡಿಯನ್ನು ಸರಿಪಡಿಸಿಕೊಂಡ. ಮತ್ತೆ ಸರಿಪಡಿಸಿಕೊಂಡ. ಮೂಗು ಒರೆಸಿಕೊಂಡು ಹೊಗೆಸೊಪ್ಪಿಗೆ ಬೈದ. ಎಂಬತ್ತೆರಡಕ್ಕೆ ಇಳಿದ ಅಂಕಿ ಸರೋವರದ ದಂಡೆಯವರೆಗೆ ಕದಲಲಿಲ್ಲ.

ದಂಡೆಯಲ್ಲಿ ತಾಯಿ ಮಗಳು ಇಳಿದು ಜನರ ನಡುವೆ ಸೇರಿದರು. ಸಿವರ್ಟ್ ಎಂಜಿನ್ ಆರಿಸಿದ. ಪಂಪು ಗುಂಯ್ ಎನ್ನತೊಡಗಿತು. ಇಬ್ಬರೂ ಇಳಿಯಲಿಲ್ಲ. ಅವನು ಬೆಪ್ಪನಲ್ಲ. ಚೌಕದಿಂದ ಇಲ್ಲಿಯವರೆಗೆ ಅವನು ಪಂಪಿನ ಹೆಸರನ್ನೇ ಎತ್ತದೆ ಬಂದದ್ದನ್ನು ಗುನ್ವೋರ್ ಗಮನಿಸಿದ್ದಳು.

"ತೊಂಬತ್ತೆರಡನೇ ಇಸವೀಲೂ ಎಲೆನೇ," ಎಂದಳು. "ಜಾಡೀಲಿ ಎಣಿಸಿ ನೋಡಿದೀನಿ, ಆರು ಬೇಸಿಗೆ. ಅರವತ್ಮೂರರಲ್ಲಿ ನಲವತ್ನಾಲ್ಕು. ಮೈಲಿಸ್ ಕೊಂಬೆ ತಂದ್ಲು, ಕಟ್ಟಿದ್ದು ನಾನು. ಹುರಿ ಹಾಕಿ ಕಟ್ಟಿದೆ."

ಸಿವರ್ಟ್ ಸರೋವರ ನೋಡುತ್ತ ಕೂತಿದ್ದ.

"ಮೊದಲೇ ಹೇಳ್ಬೇಕಿತ್ತು. ತಿಳಿದು ಇಪ್ಪತ್ತು ವರ್ಷ ಆಯ್ತು. ಹೇಳಿದ್ರೆ ನೀನು ಪಂಪಿನ ಕೆಲಸ ಬಿಟ್ಬಿಡ್ತೀಯೇನೋ ಅಂದ್ಕೊಂಡೆ." ಇನ್ನೊಂದನ್ನೂ ಸೇರಿಸಿದಳು, ಏಕೆಂದರೆ ಅದೂ ಲೆಕ್ಕಕ್ಕೆ ಬರಬೇಕಾದದ್ದು. "ಇವತ್ತು ಹಳೇ ಪಂಪ್ ಇದ್ದಿದ್ರೆ ಅಂಚೆ ಕಚೇರೀನೂ ದಾಟ್ತಿರ್ಲಿಲ್ಲ. ಕೀಳೋಕೆ ನನಗೆ ಹೊತ್ತು ಸಿಕ್ಕಿದ್ದು ನಿನ್ನ ಪಂಪಿಂದ."

ದಂಡೆಯಲ್ಲಿ ಉಲ್ರಿಕಾ ಯಾರಿಗೋ ಕಾರನ್ನು ತೋರಿಸಿ ಏನೋ ಹೇಳುತ್ತಿದ್ದಳು, ನಗುತ್ತಿದ್ದಳು. ಪಂಪು ಮೂರು ನಿಮಿಷ ಹತ್ತು ಸೆಕೆಂಡು ತಿರುಗಿ, ಒಮ್ಮೆ ನಿಟ್ಟುಸಿರಿಟ್ಟು ನಿಂತಿತು. ಈ ಇಪ್ಪತ್ತಾರು ವರ್ಷದಲ್ಲಿ ಸಿವರ್ಟ್ ಅವಳ ಬಳಿ ನೀರು ಕೇಳಿದ್ದ, ಆಲೂಗಡ್ಡೆ ಕೇಳಿದ್ದ, ಸಾಸಿವೆ ಕೇಳಿದ್ದ, ಮೈಲಿಸಳ ಮಣ್ಣಿನ ದಿನ ಸುಮ್ಮನೆ ಕೂರಲು ಒಂದು ಸ್ಟೂಲು ಕೇಳಿದ್ದ. ಈಗ ಅವನು ಅವಳ ಕಡೆ ಪೂರ್ತಿ ತಿರುಗಿ ಕೂತ. ಮುಖದಲ್ಲಿ ಸಿಟ್ಟಿರಲಿಲ್ಲ. ಟ್ರೈಲರ್ ಮೇಲೆ ಬಂದ ಹೊಸ ರೋಗಿಯನ್ನು ನೋಡುವಾಗಿನ ಕುತೂಹಲವಿತ್ತು.

"ಎಷ್ಟು ಕೊಂಬೆ?" ಎಂದು ಕೇಳಿದ.